ಎದುರಿನವರ ದೀಪ

ಎಲ್ಲಿ, ಯಾವ ಕೊಕ್ಕರೆ — ಎಡಗಡೆಯ ಹುಲ್ಲಿನಂಚಿನಲ್ಲಿ ಬೆಳ್ಳಗೆ ಏನೋ ಇತ್ತು, ಇದ್ದ ಹಾಗೆ ಅನ್ನಿಸಿತು, ಗಾಳಿಗೆ ತೂರಿ ಬಂದ ಪ್ಲಾಸ್ಟಿಕ್ ಚೀಲವೋ ಬೇಲಿಯ ಕಲ್ಲೋ, ಇಳಿಬಿಸಿಲು ಗಾಜಿಗೆ ಬಡಿದು ಹುಲ್ಲು, ಡಾಂಬರು, ಬೇಲಿ ಎಲ್ಲದರ ಮೇಲೂ ಹಾಲು ಚೆಲ್ಲಿದಂತಾಗಿದೆ, ಅದರೊಳಗೆ ಕೊಕ್ಕರೆಯನ್ನು ಎಲ್ಲಿ ಅಂತ ಹುಡುಕುವುದು, ಅಷ್ಟರಲ್ಲಿ ಬಲಗಡೆಯ ಸೀಟಿನಿಂದ ಸಹಪೈಲಟ್ ರಾಲಿತ್ಸಾ, ಕ್ಯಾಪ್ಟನ್ ಕೊಕ್ಕರೆ, ನೋಡಿದ್ರಾ, ಅಂದಳು, ಹೂಂ ನೋಡಿದೆ, ಅಂದುಬಿಟ್ಟ ಸ್ಪಾಸ್ ದೋಗಾನೋವ್, ನಾಲಿಗೆ ಅವನಿಗಿಂತ ಮುಂದೆ ಓಡಿತ್ತು, ಹಾರ್ತಿತ್ತಾ ನಿಂತಿತ್ತಾ, ಅಂತ ಅವಳು ಮತ್ತೆ ಕೇಳಿದಳು, ಹಾರ್ತಿತ್ತು, ಅಂದ, ಮತ್ತೇನು ಹೇಳಬೇಕಿತ್ತು, ವರ್ಷದ ಮೊದಲ ಕೊಕ್ಕರೆ ಹಾರುತ್ತಿದ್ದರೆ ವರ್ಷವೆಲ್ಲ ತಿರುಗಾಟ, ನಿಂತಿದ್ದರೆ ಕೂತಲ್ಲೇ ಕೂರುವ ಯೋಗ ಅಂತ ಈಗ ಹೊರಟಿರುವ ಈ ವಾರ್ನಾದ ಮಕ್ಕಳಿಗೂ ಗೊತ್ತು, ವಿಮಾನ ಓಡಿಸುವವನು ನಿಂತ ಕೊಕ್ಕರೆಯನ್ನು ಯಾಕೆ ಕಂಡಾನು. ಅವಳು ತಿರುಗಿ ಮುಂದಿನ ಪರದೆ ನೋಡತೊಡಗಿದಳು. ಅದು ಅವನಿಗೆ ಹಿಡಿಸಲಿಲ್ಲ. ವಿಮಾನ ನೆಲದ ಮೇಲೆ ಉರುಳುತ್ತಿರುವಾಗ ಕೆಲಸಕ್ಕೆ ಬಾರದ ಮಾತಾಡಬಾರದು, ಅದು ನಿಯಮ, ಈ ಹುಡುಗಿ ಆ ನಿಯಮವನ್ನು ಒಮ್ಮೆಯೂ ಮುರಿದವಳಲ್ಲ, ಕೆಮ್ಮಬೇಕಾದರೂ ಬ್ರೇಕ್ ಹಾಕಿದ ಮೇಲೆ ಕೆಮ್ಮುವವಳು, ಅಂಥವಳು ರನ್‌ವೇ ಕಡೆಗೆ ಹೋಗುತ್ತಿರುವಾಗ ಬಾಯಿಬಿಟ್ಟು ಕೊಕ್ಕರೆ ಅಂದಳೆಂದರೆ ಸುಮ್ಮನೆ ಅಂದಳೇ, ಅಲ್ಲಿ ಕೊಕ್ಕರೆ ಇತ್ತೇ, ಇಲ್ಲದ ಕೊಕ್ಕರೆಯನ್ನು ಅವನಿಂದ ಹಾರಿಸಿ ನೋಡಿದಳೇ.

ಈಗ ಮೇಲೆ, ಮೋಡದ ಮೇಲೆ, ವಿಮಾನ ಅವಳ ಕೈಯಲ್ಲಿದೆ, ಅವನಿಗೆ ಯೋಚಿಸುವುದಕ್ಕೆ ಬೇಕಾದಷ್ಟು ಹೊತ್ತಿದೆ, ಬೇಡದಷ್ಟೂ ಇದೆ. ಅವಳ ಮಣಿಕಟ್ಟು ಬರಿದಾಗಿದೆ. ಬೆಳಿಗ್ಗೆ ಕಾಫಿ ಲೋಟ ಹಿಡಿದಾಗ ಅಲ್ಲಿ ಕೆಂಪು ಬಿಳಿ ದಾರ ಇತ್ತು, ಮಾರ್ಚ್ ಒಂದಕ್ಕೆ ಎಲ್ಲರೂ ಕಟ್ಟಿಕೊಳ್ಳುವ ದಾರ, ಕೊಕ್ಕರೆ ಕಂಡ ದಿನ ಬಿಚ್ಚಿ ಹೂಬಿಟ್ಟ ಮರಕ್ಕೆ ಕಟ್ಟುವುದು, ಪದ್ಧತಿಯಂತೆ ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಂಡಿದ್ದಾಳೆ, ಅಂದರೆ ಕೊಕ್ಕರೆ ಇತ್ತು, ಅಥವಾ ಅದೂ ನಾಟಕದ ಒಂದು ಭಾಗ, ಯಾಕೆಂದರೆ ಬಿಚ್ಚಿಕೊಂಡವಳು ಅವನ ಮಣಿಕಟ್ಟಿನ ಕಡೆಗೊಮ್ಮೆ ನೋಡಿದಳು, ನೋಡಲಿಲ್ಲವೇ, ನೋಡಿದಳು. ಅವನ ದಾರ ಹಾಗೇ ಇದೆ, ದೋಬ್ರಿನಾ ಎರಡು ಗಂಟು ಹಾಕಿ ಕಟ್ಟಿದ್ದು, ಹೆಂಡತಿ ಹಾಕಿದ ಗಂಟು ಉಗುರಿಗೆ ಸಿಗುವುದಿಲ್ಲ, ಸಿಕ್ಕರೂ ಕಾಣದ ಕೊಕ್ಕರೆಗೆ ದಾರ ಬಿಚ್ಚುವುದು ಹೇಗೆ, ಸುಳ್ಳನ್ನು ಬಾಯಲ್ಲಿ ಹೇಳುವುದು ಬೇರೆ, ಕೈಯಲ್ಲಿ ಹೇಳುವುದು ಬೇರೆ. ಬಿಚ್ಚದಿದ್ದರೆ ಅವಳಿಗೆ ಗೊತ್ತಾಗುತ್ತದೆ. ಬಿಚ್ಚಿದರೆ ಮನೆಯಲ್ಲಿ ದೋಬ್ರಿನಾ ಎಲ್ಲಿ ಕಂಡೆ, ಎಷ್ಟಿದ್ದವು, ಗೂಡು ಕಟ್ಟಿವೆಯಾ ಅಂತ ಕೇಳುತ್ತಾಳೆ, ಅವಳಿಗೆ ಕೊಕ್ಕರೆ ಅಂದರೆ ತವರಿನವರು ಬಂದಷ್ಟು ಸಂಭ್ರಮ. ಅವನು ಅಂಗಿಯ ತೋಳನ್ನು ಕೆಳಗೆಳೆದು ದಾರ ಮುಚ್ಚಿಕೊಂಡ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಇವನೇ ಅಂತ ಯಾರಾದರೂ ಹೇಳಬಹುದಿತ್ತು, ಆದರೆ ಕಾಕ್‌ಪಿಟ್‌ನಲ್ಲಿ ಇನ್ಯಾರೂ ಇರಲಿಲ್ಲ.

ಪಾಜಾರ್ಜಿಕ್‌ನ ಆ ಕಣ್ಣಿನ ಡಾಕ್ಟರು, ಸಣ್ಣಗಿನ ಹೆಂಗಸು, ಅವಳ ಕೈಯಿಂದ ಪುದೀನ ವಾಸನೆ ಬರುತ್ತಿತ್ತು — ಸೋಫಿಯಾದಲ್ಲಿ ತೋರಿಸಿದರೆ ಗೋಡೆಗಳಿಗೂ ಕಿವಿ ಅಂತ ಅಷ್ಟು ದೂರ ಕಾರು ಓಡಿಸಿಕೊಂಡು ಹೋಗಿದ್ದ, ಕತ್ತಲಾಗುವ ಮೊದಲು ಮನೆ ಸೇರುವ ಲೆಕ್ಕ ಹಾಕಿಕೊಂಡು — ಎರಡೂ ಕಣ್ಣಿಗೆ ಪೊರೆ ಬರ್ತಾ ಇದೆ, ಇನ್ನೂ ಎಳೆಯದು, ಹಗಲು ಹೊತ್ತು ಅಕ್ಷರ ಎಲ್ಲ ಸರಿಯಾಗಿ ಓದ್ತೀರಿ, ಎದುರಿಗೆ ದೀಪ ಬಂದ್ರೆ ಮಾತ್ರ ಕಷ್ಟ ಅಲ್ವಾ, ಅಂದಳು, ಎಲ್ಲ ಪಕ್ಕದಲ್ಲೇ ನಿಂತು ಕಂಡವಳ ಹಾಗೆ. ಏನು ಕೆಲಸ ಮಾಡ್ತೀರಿ. ಭೂಗೋಳದ ಮೇಷ್ಟ್ರು, ಅಂದ ಸ್ಪಾಸ್. ಹಾಗಿದ್ರೆ ತೊಂದರೆ ಇಲ್ಲ ಬಿಡಿ, ಪಾಠ ಮಾಡಿ, ಕತ್ತಲಲ್ಲಿ ಕಾರು ಓಡಿಸಬೇಡಿ, ಪುರಸೊತ್ತಾದಾಗ ಪೊರೆ ತೆಗೆಸಿಕೊಳ್ಳಿ. ಪುರಸೊತ್ತು. ಪೊರೆ ತೆಗೆಸಿಕೊಂಡವನು ಮತ್ತೆ ಹಾರಬಹುದು ಅಂತ ಪುಸ್ತಕದಲ್ಲಿದೆ, ನಿಜ, ಆದರೆ ಅದಕ್ಕೆ ಮೊದಲು ಕಂಪನಿಗೆ ಹೇಳಬೇಕು, ತಿಂಗಳುಗಟ್ಟಲೆ ನೆಲದ ಮೇಲೆ ಕೂರಬೇಕು, ಅರವತ್ತು ದಾಟಿದವರನ್ನು ಮನೆಗೆ ಕಳಿಸಲು ನೆಪಕ್ಕಾಗಿ ಕಾದು ಕೂತ ಕಂಪನಿ ಅದು, ಹೂಗುಚ್ಛ ಕೊಟ್ಟು ಫೋಟೊ ತೆಗೆದು ಕಳಿಸಿಬಿಡುತ್ತದೆ, ಆಮೇಲೆ ಅವನು ಬಾಲ್ಕನಿಯಲ್ಲಿ ಟೊಮೇಟೊ ಬೆಳೆಸುತ್ತ ಮೇಲೆ ಹೋಗುವ ವಿಮಾನದ ಸದ್ದಿನಿಂದಲೇ ಯಾವುದು ಅಂತ ಹೇಳುವ ಮುದುಕನಾಗಬೇಕು, ಅಂಥ ಮುದುಕರನ್ನು ಅವನು ನೋಡಿದ್ದಾನೆ, ಅವರು ಹಬ್ಬಕ್ಕೂ ಹಳೆಯ ಸಮವಸ್ತ್ರದ ಅಂಗಿಯನ್ನೇ ಹಾಕುತ್ತಾರೆ. ಅವನು ಆ ಮುದುಕನಾಗಲಾರ. ಇಷ್ಟೇ ವಿಷಯ, ಇದರಲ್ಲಿ ಮುಚ್ಚುಮರೆಯೇನಿಲ್ಲ, ಮುಚ್ಚಿಟ್ಟಿದ್ದಾನೆ ಅನ್ನುವುದೊಂದು ಬಿಟ್ಟರೆ.

ಅದೂ ಅವನಿಗೆ ಬರಬೇಕೇ ಈ ಕಾಯಿಲೆ, ದೀಪದ ಕಾಯಿಲೆ, ಕಂಪನಿಯ ಕಿರಿಯ ಪೈಲಟ್ ಹುಡುಗರು ಬೆನ್ನ ಹಿಂದೆ ಫೆನೆರ್ಜಿ ಅಂತ ಕರೆಯುವವನಿಗೆ, ಹಿಂದೆ ಸಂಜೆಯಾದರೆ ಏಣಿ ಹೊತ್ತು ಬೀದಿ ದೀಪ ಹಚ್ಚುತ್ತ ಹೋಗುತ್ತಿದ್ದವನಿಗಿದ್ದ ಹೆಸರು ಅದು. ಇಟ್ಟರೆ ಇಡಲಿ. ನೆಲದ ಮೇಲೆ ವಿಮಾನಕ್ಕೂ ವಿಮಾನಕ್ಕೂ ಇರುವುದೊಂದೇ ಭಾಷೆ, ದೀಪ, ಅಂತ ಅವನು ಕಲಿಸಿದ್ದಾನೆ, ಬಾಯಿ ನೋವು ಬರುವಷ್ಟು ಕಲಿಸಿದ್ದಾನೆ, ವಿಮಾನದ ಮೂಗಿನ ದೀಪ ಹೊತ್ತಿದ್ದರೆ ಬರ್ತಾ ಇದ್ದೀನಿ ಅಂತ ಅರ್ಥ, ಆರಿದ್ದರೆ ನಿಂತಿದ್ದೀನಿ, ನೀನು ಹೋಗು ಅಂತ, ಇದು ಯಾವ ಪುಸ್ತಕದಲ್ಲೂ ನೆಟ್ಟಗೆ ಬರೆದಿಲ್ಲ, ಆದರೆ ಮಾನವಂತರೆಲ್ಲ ಪಾಲಿಸುತ್ತಾರೆ, ಎದುರಿನವನ ಕಣ್ಣಿಗೆ ದೀಪ ಹೊಡೆಯೋದು ಊಟಕ್ಕೆ ಕೂತವನ ಮುಖಕ್ಕೆ ಸೀನಿದ ಹಾಗೆ, ನಿಲ್ಲುವ ಜಾಗಕ್ಕೆ ತಿರುಗಿದ ಕೂಡಲೆ ಆರಿಸಿ, ಕೆಳಗೆ ಕೆಂಪು ದೀಪದ ಕೋಲು ಹಿಡಿದು ದಾರಿ ತೋರಿಸುವವನಿಗೂ ಕಣ್ಣಿದೆ, ಅವನಿಗೆ ಕಂಡರೆ ತಾನೆ ಅವನು ತಲೆಯ ಮೇಲೆ ಕೋಲು ಅಡ್ಡ ಹಿಡಿದು ನಿಮ್ಮನ್ನು ನಿಲ್ಲಿಸೋದು. ಮತ್ತೆ ಎಲ್ಲಕ್ಕಿಂತ ದೊಡ್ಡದು, ದೀಪ ಆರಿಸಿಕೊಂಡು ಉರುಳುವವನು ಸುಳ್ಳುಗಾರ, ನಿಂತಿದ್ದೀನಿ ಅಂತ ಹೇಳಿ ನಡೆಯುವವನು, ಅವನನ್ನ ನಂಬಿದವನ ರೆಕ್ಕೆ ಮುರಿಯುತ್ತೆ. ಇಷ್ಟೆಲ್ಲ ಹೇಳಿದವನು ಈ ಚಳಿಗಾಲದಿಂದ ತಾನೇ ಏನು ಮಾಡುತ್ತಿದ್ದಾನೆ — ನಿಲ್ಲುವ ಜಾಗಕ್ಕೆ ತಿರುಗಿದ ಮೇಲೂ ಮೂಗಿನ ದೀಪ ಆರಿಸುವುದಿಲ್ಲ, ಆರಿಸಿದರೆ ನೆಲದ ಹಳದಿ ಗೆರೆ ಕಾಣುವುದಿಲ್ಲ, ಕೆಳಗಿನವನು ಮುಖ ಸಿಂಡರಿಸಿದರೆ ಸಿಂಡರಿಸಲಿ, ಮರೆತುಹೋಯಿತು ಅಂದರಾಯಿತು. ಒಂದು ದಿನವೂ ರಾಲಿತ್ಸಾ, ಕ್ಯಾಪ್ಟನ್ ದೀಪ, ಅಂತ ನೆನಪಿಸಲಿಲ್ಲ. ಯಾಕೆ ನೆನಪಿಸಲಿಲ್ಲ. ಅವನ ಕೈಯಲ್ಲೇ ಕಲಿತವಳು, ಬೇರೆ ಯಾರಾದರೂ ಮರೆತರೆ ಕೈ ಚಾಚಿ ತಾನೇ ಆರಿಸುವವಳು.

ಯಾರು ಹೇಳಿರಬಹುದು ಅವಳಿಗೆ. ಮಾನೋಲ್ — ಮಾನೋಲ್ ಒಬ್ಬನಿಗೆ ಸಂಶಯ ಬಂದಿರಬಹುದು, ಒಟ್ಟಿಗೆ ಕ್ಯಾಪ್ಟನ್ ಆದವನು, ಜನವರಿಯಲ್ಲಿ ಮಾನೋಲ್‌ನ ಮನೆಯಲ್ಲಿ ಊಟ ಮಾಡಿ ಹೊರಟಾಗ ಎದುರು ಕಾರಿನ ದೀಪಕ್ಕೆ ಸ್ಪಾಸ್ ರಸ್ತೆಯ ನಡುವೆ ಬ್ರೇಕ್ ಹಾಕಿ ನಿಂತುಬಿಟ್ಟಿದ್ದ, ಕುಡಿದಿದ್ದು ಜಾಸ್ತಿ ಆಯ್ತೇನೋ ನಿನಗೆ, ಅಂತ ಬೀಳ್ಕೊಡಲು ಗೇಟಿಗೆ ಬಂದಿದ್ದ ಮಾನೋಲ್ ನಕ್ಕಿದ್ದ, ಒಂದೇ ಲೋಟ ಕಣೋ, ಅಂದುಬಿಟ್ಟಿದ್ದ ಸ್ಪಾಸ್, ಪೆದ್ದ, ಮೂರು ಅಂದಿದ್ದರೆ ಮುಗಿಯುತ್ತಿತ್ತು, ಕುಡುಕ ಅನ್ನಿಸಿಕೊಂಡು ಬಚಾವಾಗಬಹುದಿತ್ತು. ಅದಾದ ಮೇಲೆ ಮಾನೋಲ್ ಒಂದು ದಿನ ಹೋಗ್ತಾ ಹೋಗ್ತಾ ಕೇಳಿದ, ಕಣ್ಣು ಹೇಗಿದೆ, ಅಂತ, ಹೆಂಡ್ತಿ ಹೇಗಿದ್ದಾಳೆ ಅನ್ನುವ ಧಾಟಿಯಲ್ಲಿ. ಅವನೇ ಇರಬೇಕು. ಅಥವಾ ದೋಬ್ರಿನಾಳೇ, ಅವಳು ಚೀಸ್ ತುಂಬಿದ ಬಾನಿತ್ಸಾ ಮಾಡಿದಾಗಲೆಲ್ಲ ಒಂದು ತಟ್ಟೆ ಮಾನೋಲ್‌ನ ಹೆಂಡತಿಗೆ, ತಟ್ಟೆಯ ಜೊತೆಗೆ ಮನೆಯ ಸುದ್ದಿಯೂ ಬಿಸಿಬಿಸಿ ಹೋಗುತ್ತದೆ, ಆದರೆ ದೋಬ್ರಿನಾಳಿಗೆ ಅವನು ಹೇಳಿಯೇ ಇಲ್ಲವಲ್ಲ, ಹೇಳದಿದ್ದರೆ ಏನಂತೆ, ಸಂಜೆ ಊಟದ ಮನೆಯಲ್ಲಿ ದೊಡ್ಡ ದೀಪ ಹಾಕುವುದನ್ನು ಅವಳು ಯಾವಾಗ ಬಿಟ್ಟಳು, ಮೂಲೆಯ ಸಣ್ಣ ದೀಪ ಸಾಕು, ಕರೆಂಟು ದುಬಾರಿ, ಅನ್ನುತ್ತಾಳೆ, ಅವಳು ಯಾವತ್ತು ಕರೆಂಟಿನ ಬಗ್ಗೆ ಯೋಚಿಸಿದವಳು. ಮತ್ತೆ ಈ ಸಂಜೆಯ ಹಾರಾಟಗಳು. ಈ ಸಲ ನಾನೇ ಇಳಿಸಲಾ ಕ್ಯಾಪ್ಟನ್, ಅಂತ ರಾಲಿತ್ಸಾ ಕೇಳಿದಳು ಮಧ್ಯಾಹ್ನ, ಇಳಿಸು ಮಗೂ, ನಿನಗೂ ಅಭ್ಯಾಸ ಆಗಲಿ, ಅಂತ ದೊಡ್ಡ ಮನಸ್ಸಿನಿಂದ ಹೇಳಿದ, ಹೋದ ವಾರ ಆ ಉದ್ದ ಕತ್ತಿನ ಸಹಪೈಲಟ್ ಹುಡುಗನೂ ಹಾಗೇ ಕೇಳಿದ್ದ, ಅದಕ್ಕೆ ಹಿಂದಿನ ವಾರ ಇನ್ನೊಬ್ಬ, ಹೊತ್ತು ಮುಳುಗಿದ ಮೇಲಿನ ಇಳಿತವನ್ನೆಲ್ಲ ಯಾರಾದರೊಬ್ಬರು ಬೇಡಿ ತೆಗೆದುಕೊಳ್ಳುತ್ತಿದ್ದಾರೆ, ತನ್ನ ಪುಣ್ಯ ಅಂದುಕೊಂಡಿದ್ದ, ಕೇಳದೆ ಬರುವ ಪುಣ್ಯವನ್ನು ನಂಬಬಾರದು ಅನ್ನುವುದು ಇಷ್ಟು ವಯಸ್ಸಾದರೂ ತಲೆಗೆ ಹೋಗಲಿಲ್ಲ. ಎಲ್ಲರೂ ಸೇರಿ ಏನೋ ಹೆಣೆಯುತ್ತಿದ್ದಾರೆ. ಏಪ್ರಿಲ್‌ನಲ್ಲಿ ಕಂಪನಿಯ ಡಾಕ್ಟರ ಮುಂದೆ ಕೂರಬೇಕು, ಅಲ್ಲಿಯವರೆಗೆ ಬಿಡುವುದಿಲ್ಲವೇನೋ, ಇವತ್ತೇ ಇವಳು ವರದಿ ಬರೆಯುತ್ತಾಳೆ, ಕ್ಯಾಪ್ಟನ್ ದೋಗಾನೋವ್ ಇಲ್ಲದ ಕೊಕ್ಕರೆಯನ್ನು ಹಾರಿಸಿದರು.

ವಿತೋಶಾ ಬೆಟ್ಟದ ಬದಿಯಲ್ಲಿ ಬೆಳಕಿನ ಒಂದು ಗೀರು ಮಾತ್ರ ಉಳಿದಿದೆ, ಕೆಳಗೆ ಸೋಫಿಯಾ ಮಳೆ ನಿಂತು ಒದ್ದೆಯಾಗಿದೆ, ಒದ್ದೆ ನೆಲದಷ್ಟು ಕೆಟ್ಟದ್ದು ಇನ್ನೊಂದಿಲ್ಲ, ಒಂದು ದೀಪ ಎರಡಾಗುತ್ತದೆ, ಮೇಲೊಂದು ನೆಲದೊಳಗೊಂದು, ಅವನ ಕಣ್ಣಿಗೆ ಎರಡಕ್ಕೂ ಕೂದಲು, ಸುತ್ತಲೂ ಬೆಳಕಿನ ಕೂದಲು. ಅವಳು ಚೆನ್ನಾಗಿ ಇಳಿಸಿದಳು, ಚಕ್ರ ನೆಲಕ್ಕೆ ತಾಗಿದ್ದೇ ತಿಳಿಯಲಿಲ್ಲ, ಹಿಂದೆ ಒಂದಿಬ್ಬರು ಮುದುಕಿಯರು ಚಪ್ಪಾಳೆ ತಟ್ಟಿದರು, ಈಗಿನವರು ಯಾರೂ ತಟ್ಟುವುದಿಲ್ಲ. ನೆಲದ ಮೇಲೆ ತಿರುಗಿಸುವ ಹಿಡಿ ಇರುವುದು ಎಡಗಡೆ, ಆದ್ದರಿಂದ ಇನ್ನು ಮುಂದೆ ಅವನದೇ, ನಂದು, ಅಂದ, ನಿಮ್ಮದು ಕ್ಯಾಪ್ಟನ್, ಅಂದಳು, ಅವಳ ದನಿಯಲ್ಲಿ ಏನಾದರೂ ಇತ್ತೇ, ಏನೂ ಇರಲಿಲ್ಲ, ಏನೂ ಇಲ್ಲದಂತೆ ಇಟ್ಟುಕೊಂಡಿದ್ದಳು. ಎದುರಿನಿಂದ ಒಂದು ವಿಮಾನ ಬರುತ್ತಿದೆ, ಪಕ್ಕದ ದಾರಿಯಲ್ಲಿ, ಅದರ ಮೂಗಿನ ದೀಪ ದೂರದಲ್ಲೇ ಕೂದಲು ಬಿಟ್ಟುಕೊಂಡು ಹಿಗ್ಗುತ್ತಿದೆ, ಅವನು ಹಲ್ಲು ಕಚ್ಚಿದ, ಆಗ ಅದು ಆರಿತು. ಸರಿ, ನಿಂತಿದ್ದಾನೆ, ದಾರಿ ಬಿಟ್ಟಿದ್ದಾನೆ, ಸಭ್ಯಸ್ಥ — ಅಂದುಕೊಳ್ಳುವಷ್ಟರಲ್ಲಿ ಅದು ಮಬ್ಬಿನೊಳಗೆ ನೆರಳಿನ ಹಾಗೆ ಅವನ ಪಕ್ಕಕ್ಕೇ ಬಂದು ಹಾದುಹೋಯಿತು, ನಿಂತಿರಲಿಲ್ಲ, ಉರುಳುತ್ತಲೇ ದೀಪ ಆರಿಸಿದ್ದ, ಅವನಿಗೆ ಮೈಯೆಲ್ಲ ಉರಿಯಿತು, ಯಾವ ಗುರು ಕಲಿಸಿದ ಇವನಿಗೆ, ನಿಂತಿದ್ದೀನಿ ಅಂತ ಹೇಳಿ ನಡೆಯುವ ಸುಳ್ಳುಗಾರ, ಬಾಲದ ಬಣ್ಣ ನೋಡಿದರೆ ತಮ್ಮದೇ ಕಂಪನಿಯದು, ಯಾರದು, ಹೆಸರು ಕೇಳು ರಾಲಿತ್ಸಾ, ನಾಳೆ ಕಿವಿ ಹಿಂಡ್ತೀನಿ, ಅಂದ. ಅವಳು ಕೇಳಲಿಲ್ಲ. ಎರಡನೆಯದು ಬಂತು. ಅದೂ ತಮ್ಮದೇ. ಅದೂ ದೂರದಲ್ಲೇ ದೀಪ ಆರಿಸಿತು, ಅದೂ ಉರುಳುತ್ತಲೇ ಇತ್ತು, ಕತ್ತಲಿನಲ್ಲಿ ಹಾದುಹೋಗುವಾಗ ಅದರ ಕಾಕ್‌ಪಿಟ್‌ನಲ್ಲಿ ಒಂದು ಕೈ ಮೇಲೆದ್ದದ್ದು ಕಂಡಿತು, ನಮಸ್ಕಾರದ ಹಾಗೆ, ಆ ಅಗಲ ಭುಜ ಮಾನೋಲ್‌ನದು. ಮಾನೋಲ್ ಯಾಕೆ, ಮಾನೋಲ್‌ಗೂ ಗೊತ್ತಿಲ್ಲವೇ, ಮಾನೋಲ್‌ಗೆ ಅವನಷ್ಟೇ ಚೆನ್ನಾಗಿ ಗೊತ್ತು, ಗೊತ್ತಿದ್ದೂ ಯಾಕೆ — ಆಗ ಅವನಿಗೆ ತಿಳಿಯಿತು. ಯಾರೂ ಏನೂ ಹೆಣೆಯುತ್ತಿರಲಿಲ್ಲ. ದೀಪ ಆರಿಸುತ್ತಿದ್ದರು ಅಷ್ಟೆ. ಅವನು ನೆಲದ ಮೇಲಿದ್ದಾನೆ ಅಂತ ರೇಡಿಯೊದಲ್ಲಿ ದನಿ ಕೇಳಿದ ಕೂಡಲೆ ಒಬ್ಬರಾದ ಮೇಲೊಬ್ಬರು ದೀಪ ಆರಿಸುತ್ತಿದ್ದರು, ಈ ಚಳಿಗಾಲವೆಲ್ಲ ಆರಿಸಿದ್ದರು, ತನ್ನ ಪಾಠ ಕೊನೆಗೂ ಈ ಹುಡುಗರ ತಲೆಗೆ ಹೋಯಿತಲ್ಲ ಅಂತ ಅವನು ಎದೆಯುಬ್ಬಿಸಿಕೊಂಡು ಓಡಾಡಿದ್ದ, ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತಿತ್ತು, ಊರೆಲ್ಲ ಸುತ್ತ ನಿಂತು ಸದ್ದು ಮಾಡದೆ ನೋಡುತ್ತಿತ್ತು. ಅವನ ಪಾಠವನ್ನೇ ಅವನಿಗಾಗಿ ಮುರಿದಿದ್ದರು, ಅವನೇ ಸುಳ್ಳುಗಾರ ಅಂತ ಕರೆಯುವಂಥವರಾಗಿದ್ದರು ಅವನಿಗಾಗಿ. ಕೋಪ ಬರಲಿ ಅಂತ ಕಾದ, ಬರಲಿಲ್ಲ, ನಾಚಿಕೆ ಬಂತು.

ನಿಲ್ಲಿಸಿಬಿಡಬೇಕಿತ್ತು ಅಲ್ಲೇ. ನಿಲ್ಲಿಸಿ, ಎಳೆಯುವ ಗಾಡಿ ಕಳಿಸಿ ಅಂತ ಕೇಳಬೇಕಿತ್ತು, ಕೇಳಿದರೆ ಯಾಕೆ ಅಂತ ಕೇಳುತ್ತಾರೆ, ಇನ್ನು ಉಳಿದಿರುವುದು ಎಷ್ಟು ದೂರ, ಒಂದು ತಿರುವು, ಹಳದಿ ಗೆರೆ, ನೂರು ಸಲ ನಿಲ್ಲಿಸಿದ ಜಾಗ, ಕಾಲಿಗೆ ಗೊತ್ತಿದೆ, ಕೈಗೆ ಗೊತ್ತಿದೆ, ಕಣ್ಣು ಯಾಕೆ. ತಿರುಗಿದ. ತಿರುಗಿದ ಕೂಡಲೆ ಬೆಳ್ಳಗಾಯಿತು. ಪಕ್ಕದ ಜಾಗದಲ್ಲಿ ಎಲ್ಲಿಯದೋ ಒಂದು ಸರಕಿನ ವಿಮಾನ, ಪರದೇಶದವರು, ಹೊರಡುವ ಮೊದಲು ದೀಪ ಪರೀಕ್ಷೆ ಮಾಡುತ್ತಿದ್ದರೇನೋ, ಮೂಗಿನ ದೀಪ ನೇರ ಅವನ ಮುಖಕ್ಕೆ, ಅವರಿಗೆ ಗೊತ್ತಿಲ್ಲ, ಅವರು ಈ ಊರಿನವರಲ್ಲ, ಅವರಿಗೆ ಯಾರೂ ಹೇಳಿಲ್ಲ ದೋಗಾನೋವ್ ಬರ್ತಾನೆ ದೀಪ ಆರಿಸಿ ಅಂತ, ಗೆರೆ ಹೋಯಿತು, ನೆಲ ಹೋಯಿತು, ಎದುರಿಗೆ ಕೋಲು ಹಿಡಿದವನು ಇರಬೇಕು, ಇದ್ದೇ ಇರುತ್ತಾನೆ, ಕೋಲಿನ ಕೆಂಪು ಕಾಣುತ್ತಿಲ್ಲ, ಎಲ್ಲ ಬಿಳಿ, ಬಿಳಿಯೊಳಗೆ ಬಿಳಿ, ಕೊಕ್ಕರೆಯ ಹಾಗೆ, ಇನ್ನು ಸ್ವಲ್ಪ, ಇಷ್ಟು ಹೊತ್ತಿಗೆ ಅರ್ಧ ದಾರಿ, ಇನ್ನು ಸ್ವಲ್ಪ, ಪಾದದ ಕೆಳಗೆ ಬ್ರೇಕಿನ ಪೆಡಲು ತಾನಾಗಿ ಕೆಳಗೆ ಹೋಯಿತು, ಅವನು ಒತ್ತಿರಲಿಲ್ಲ. ವಿಮಾನ ಮೂಗು ಬಗ್ಗಿಸಿ ನಿಂತಿತು. ಹಿಂದೆ ಯಾವುದೋ ಚೀಲ ಬಿದ್ದ ಸದ್ದು, ಯಾರೋ ಅಯ್ಯೋ ಅಂದರು. ರಾಲಿತ್ಸಾಳ ಕಾಲು, ಅವಳ ಕಾಲು ಅವಳ ಕಡೆಯ ಬ್ರೇಕಿನ ಮೇಲೆಯೇ ಇತ್ತು, ಎರಡೂ ಕಡೆಯ ಪೆಡಲು ಒಟ್ಟಿಗೇ ಇಳಿಯುತ್ತವೆ, ಇವತ್ತೊಂದೇ ದಿನವೇ, ಎಲ್ಲ ದಿನವೂ ಇತ್ತೇ, ಒಂದು ಮಾತೂ ಆಡದೆ ಈ ಚಳಿಗಾಲದಲ್ಲಿ ಪಕ್ಕದಲ್ಲಿ ಕೂತಾಗಲೆಲ್ಲ ಕಾಲು ಅಲ್ಲೇ ಇಟ್ಟುಕೊಂಡಿದ್ದಳೇ.

ಸರಕಿನ ವಿಮಾನದ ದೀಪ ಆರಿತು. ಮನುಷ್ಯನಿದ್ದ. ಮೂಗಿನ ಮುಂದೆ, ಒಂದು ಕಾರು ನಿಲ್ಲಿಸುವಷ್ಟು ಜಾಗವೂ ಇಲ್ಲ ನಡುವೆ, ಹಳದಿ ಅಂಗಿಯ ಮನುಷ್ಯ, ಎರಡೂ ಕೋಲುಗಳನ್ನು ತಲೆಯ ಮೇಲೆ ಅಡ್ಡ ಹಿಡಿದು ನಿಂತಿದ್ದ, ನಿಲ್ಲು, ನಿಲ್ಲು, ಎಷ್ಟು ಹೊತ್ತಿನಿಂದ ಹಾಗೆ ಹೇಳುತ್ತ ನಿಂತಿದ್ದನೋ, ಓಡಿಹೋಗಲಿಲ್ಲ, ತಾನು ಕಂಡೇ ಕಾಣುತ್ತೇನೆ ಅಂತ ನಂಬಿ ನಿಂತಿದ್ದ, ಎದುರಿಗಿದ್ದದ್ದು ದೋಗಾನೋವ್ ಅಂತ ಗೊತ್ತಿತ್ತೇನೋ. ಸ್ಪಾಸ್‌ನ ಮೂಗಿನ ದೀಪ, ಅವನು ಆರಿಸದೆ ಬಿಟ್ಟ ದೀಪ, ಆ ಮುಖದ ಮೇಲೆ ಪೂರ್ತಿ ಬಿದ್ದಿತ್ತು, ಕಣ್ಣು ಕಿರಿದಾಗಿ ಹಲ್ಲು ಕಾಣುತ್ತಿತ್ತು, ಮೇಲೆತ್ತಿದ ಕೈಯಿಂದ ಅಂಗಿಯ ತೋಳು ಜಾರಿ ಬಲಗೈಯ ಮಣಿಕಟ್ಟಿನಲ್ಲಿ ಕೆಂಪು ಬಿಳಿ ದಾರ. ಅವನೂ ಕೊಕ್ಕರೆ ಕಂಡಿಲ್ಲ ಇನ್ನೂ. ಬೆಳಿಗ್ಗೆ ಅವನಿಗೂ ಮನೆಯಲ್ಲಿ ಯಾರೋ ಬಿಸಿ ಬಿಸಿ ಏನೋ ಕೊಟ್ಟು ಕಳಿಸಿರುತ್ತಾರೆ, ಹೆಂಡತಿಯೋ ಮಗಳೋ ಎರಡು ಗಂಟು ಹಾಕಿ ಕಟ್ಟಿರುತ್ತಾರೆ, ಗಂಟಿನ ತುದಿಯಲ್ಲಿ ಬಿಳಿ ಎಳೆ ಬಿಚ್ಚಿಕೊಂಡಿದೆ, ಅಷ್ಟೂ ಕಾಣುತ್ತಿದೆ ಈಗ, ಈಗ ಎಲ್ಲ ಕಾಣುತ್ತಿದೆ. ಕೊಕ್ಕರೆ ನಿಂತಿತ್ತು ಅಲ್ವಾ, ಅಂತ ಕೇಳಿದ. ಬ್ರೇಕಿನಿಂದ ಕಾಲು ತೆಗೆಯದೆ ರಾಲಿತ್ಸಾ, ನಿಂತಿತ್ತು ಕ್ಯಾಪ್ಟನ್, ಅಂದಳು, ನಾನು ಸುಮ್ನೆ ಖುಷಿಗೆ ಹೇಳ್ದೆ. ನಾನು ನೋಡಲಿಲ್ಲ, ಅಂದ ಸ್ಪಾಸ್. ಗೊತ್ತು, ಅಂದಳು. ನೀನೇ ವರದಿ ಬರಿ ಮಗೂ, ಇಲ್ಲ, ನಾನೇ ಹೋಗಿ ಕಂಪನಿಗೆ ಹೇಳ್ತೀನಿ, ಇವತ್ತೇ, ಅಂದ. ಕೈ ಮೇಲೆ ಹೋಯಿತು, ಮೂಗಿನ ದೀಪದ ಸ್ವಿಚ್, ನಿಂತಿದ್ದೀನಿ, ಆರಿಸಿದ, ಆ ಮುಖ ಸಡಿಲವಾಯಿತು, ಕೈ ಮಾತ್ರ ಇಳಿಯಲಿಲ್ಲ, ಇನ್ನೂ ನಂಬಿಕೆ ಬಂದಿಲ್ಲ ಅವನಿಗೆ, ತಲೆಯ ಮೇಲೆ ಅಡ್ಡ ಹಿಡಿದ ಎರಡು ಕೈ, ಬಲಗೈಯಲ್ಲಿ ದಾರ, ಕೆಂಪು, ಬಿಳಿ, ಬಿಚ್ಚಿಕೊಂಡ ಆ ಒಂದು ಎಳೆ —